ಕೈ ಹಚ್ಚದೆ ಬಿಟ್ಟ ಕಾರು: ಒಂದು ಮಸ್ಟಾಂಗ್‌ನ ಜೀರ್ಣೋದ್ಧಾರದ ಪ್ರಶ್ನೆ

2014ರಲ್ಲಿ ರಾಬರ್ಟ್ ಕೀರ್ನನ್ ತೀರಿಕೊಂಡಾಗ ಅವರ ಮಗ ಷಾನ್ ಪಾಲಿಗೆ ಬಂದ ಸ್ವತ್ತಿನಲ್ಲಿ 1968ರ ಹಸಿರು ಫೋರ್ಡ್ ಮಸ್ಟಾಂಗ್ ಒಂದಿತ್ತು. 1980ರಲ್ಲಿ ಕ್ಲಚ್ಚು ಕೆಟ್ಟು ನಿಂತ ಮೇಲೆ ಅದು ರಸ್ತೆಗೆ ಇಳಿದಿರಲಿಲ್ಲ. ಬಣ್ಣ ಮಾಸಿತ್ತು, ತಗಡಿಗೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು, ಸಣ್ಣಪುಟ್ಟ ತಗ್ಗುಗಳು ಬಿದ್ದಿದ್ದವು. ಚಾಸಿ ನಂಬರು 8ಆರ್02ಎಸ್125559. ‘ಬುಲಿಟ್’ ಎಂಬ 1968ರ ಹಾಲಿವುಡ್ ಚಿತ್ರದಲ್ಲಿ ನಾಯಕನಟ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ಏರುಬೀದಿಗಳಲ್ಲಿ ಓಡಿಸಿದ ಕಾರು ಇದೇ ಎಂಬುದು ಮನೆಯವರಿಗೆ ತಿಳಿದಿತ್ತು. ಕಾರುಗಳ ಬೆನ್ನು ಹತ್ತಿದ ಜಗತ್ತು ಮಾತ್ರ ಅದು ಎಲ್ಲಿ ಹೋಯಿತೆಂದು ದಶಕಗಳ ಕಾಲ ಊಹೆಯಲ್ಲೇ ಇತ್ತು. ಮಗನ ಮುಂದಿದ್ದ ಪ್ರಶ್ನೆ ಸರಳವಾಗಿ ಕಾಣುವಂಥದ್ದು: ಈ ಕಾರನ್ನು ಏನು ಮಾಡಬೇಕು? ಅಮೆರಿಕದ ನುರಿತ ಜೀರ್ಣೋದ್ಧಾರಕರಲ್ಲಿ ಯಾರ ಕೈಗೆ ಕೊಟ್ಟಿದ್ದರೂ ಅದು ಕಾರ್ಖಾನೆಯಿಂದ ಆಗಷ್ಟೇ ಹೊರಬಂದಂತೆ ಮರಳುತ್ತಿತ್ತು. ಹಾಗೆ ಮಾಡಲಿಲ್ಲ. ಆ ನಿರ್ಧಾರ ಹೇಗೆ ಮೂಡಿತು, ಅದರ ಹಿಂದೆ ಯಾರ ಯಾರ ಕಲಿಕೆಯ ಬಲವಿತ್ತು ಎಂಬುದೇ ಈ ಅಧ್ಯಯನದ ವಿಷಯ.

ಮಸಲ್ ಕಾರುಗಳ, ಅಂದರೆ ದೊಡ್ಡ ಎಂಜಿನ್ ಕೂರಿಸಿದ ಅಂದಿನ ಅಮೆರಿಕದ ಕಾರುಗಳ, ಜೀರ್ಣೋದ್ಧಾರದ ದೊಡ್ಡ ಕೈಗಳು ಬಿಟ್ಟುಹೋದದ್ದು ಏನು ಎಂದು ಕೇಳಿದರೆ ಹೆಚ್ಚಿನವರು ಕನ್ನಡಿಯಂತೆ ಹೊಳೆಯುವ ಕಾರುಗಳತ್ತ ಬೆರಳು ತೋರಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಅವರು ಬಿಟ್ಟುಹೋದದ್ದು ತಗಡನ್ನು ಓದುವ ವಿದ್ಯೆ. ಚಾಸಿ ನಂಬರು 559ರಲ್ಲಿ ಮುಗಿಯುವ ಈ ಮಸ್ಟಾಂಗ್‌ನಲ್ಲಿ ಆ ವಿದ್ಯೆ ಕೆಲಸ ಮಾಡಿದ್ದು ಕೈಯನ್ನು ಹಿಂದಕ್ಕೆ ಹಿಡಿಯುವ ಮೂಲಕ.

ಆ ವಿದ್ಯೆ ಬೆಳೆದ ದಾರಿಯನ್ನು ಸ್ವಲ್ಪ ನೋಡಬೇಕು. 1964ರ ಪಾಂಟಿಯಾಕ್ ಜಿಟಿಒದಿಂದ ಮೊದಲಾಯಿತೆಂದು ಸಾಮಾನ್ಯವಾಗಿ ಹೇಳಲಾಗುವ ಈ ಕಾರುಗಳ ಯುಗ ಹತ್ತು ವರ್ಷ ಕೂಡ ಬಾಳಲಿಲ್ಲ. ವಿಮಾ ಕಂತು ಏರಿತು, ಹೊಗೆಯ ಮೇಲಿನ ಕಾನೂನು ಬಿಗಿಯಾಯಿತು, 1973ರಲ್ಲಿ ತೈಲದ ಬಿಕ್ಕಟ್ಟು ಬಂತು. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ ಅಗ್ಗದಲ್ಲಿ ಮಾರಿದ್ದ ಆ ಬಂಡಿಗಳು ಎಪ್ಪತ್ತರ ದಶಕದಲ್ಲಿ ಯಾರಿಗೂ ಬೇಡವಾದ ಹಳೆಯ ಕಾರುಗಳಾಗಿದ್ದವು. ಹದಿಹರೆಯದಲ್ಲಿ ಅವುಗಳಿಗಾಗಿ ಆಸೆಪಟ್ಟವರು ಕೈಯಲ್ಲಿ ಕಾಸು ಕಂಡ ಎಂಬತ್ತರ ದಶಕದಲ್ಲಿ ಜೀರ್ಣೋದ್ಧಾರ ಒಂದು ವೃತ್ತಿಯಾಗಿ ಗಟ್ಟಿಯಾಯಿತು. ಮೊದಮೊದಲು ಎಲ್ಲರೂ ಮಾಡಿದ್ದು ಒಂದೇ ಕೆಲಸ: ಕಾರ್ಖಾನೆ ಎಂದೂ ಕೊಡದಿದ್ದ ಹೊಳಪನ್ನು ಕಾರಿಗೆ ಕೊಡುವುದು. ಬಾಗಿಲ ಸಂದುಗಳು ಎಳೆದ ಗೆರೆಯಂತೆ ನೇರವಾದವು, ಕಾರಿನ ಅಡಿಭಾಗಕ್ಕೂ ಮೇಲ್ಭಾಗದಷ್ಟೇ ನಯವಾದ ಬಣ್ಣ ಬಂತು, ಬೋಲ್ಟುಗಳಿಗೆಲ್ಲ ಒಂದೇ ಲೇಪನವಾಯಿತು.

ನಿಜವಾದ ಗುರುಗಳು ಹೊರಳಿದ್ದು ಇಲ್ಲಿಂದ. ಕಾರ್ಖಾನೆಯಲ್ಲಿ ಗಡಿಯಾರ ನೋಡಿಕೊಂಡು ಓಡುವ ಸಾಲಿನಲ್ಲಿ ಕಟ್ಟಿದ ಕಾರು ಹಾಗಿರುವುದು ಸಾಧ್ಯವೇ ಇರಲಿಲ್ಲ ಎಂಬುದನ್ನು ಅವರು ಗಮನಿಸಿದರು. ಬಣ್ಣದ ಮಂಜು ಸುತ್ತಲಿನ ಭಾಗಗಳಿಗೂ ಹಾರಿ ಕೂತಿರುತ್ತಿತ್ತು. ಸಂದು ಮುಚ್ಚುವ ಅಂಟನ್ನು ಕುಂಚದಿಂದ ಬೇಕಾಬಿಟ್ಟಿ ಬಳಿದಿರುತ್ತಿದ್ದರು. ತಪಾಸಣೆ ಆಯಿತೆಂದು ತೋರಿಸಲು ಬೋಲ್ಟಿನ ತಲೆಗೆ ಬಣ್ಣದ ಚುಕ್ಕೆ, ಒಳಗೋಡೆಯ ಮೇಲೆ ಮೇಣದ ಬಳಪದ ಗೀಚು ಇರುತ್ತಿತ್ತು. ಅಡಿಭಾಗದ ಪ್ರೈಮರ್ ಬಣ್ಣ ಕೂಡ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆಯಾಗಿತ್ತು. ಹಾಗಾಗಿ ಕಾರನ್ನು ಬಿಚ್ಚುವ ಮೊದಲು ಪ್ರತಿ ಮೂಲೆಯ ಫೋಟೋ ತೆಗೆಯುವುದು, ಬಣ್ಣವನ್ನು ಒಂದೇ ಏಟಿಗೆ ಮರಳು ಹೊಡೆದು ತೆಗೆಯದೆ ಪದರ ಪದರವಾಗಿ ಉಜ್ಜಿ ನೋಡುವುದು, ಎಂಜಿನ್ ಬ್ಲಾಕಿನ ಮೇಲಿನ ಎರಕದ ತಾರೀಕು ಕಾರು ಕಟ್ಟಿದ ತಾರೀಕಿಗೆ ಹೊಂದುತ್ತದೆಯೇ ಎಂದು ತಾಳೆ ಹಾಕುವುದು ಕಸುಬಿನ ಶಿಸ್ತಾಯಿತು. ಓಲೆಗರಿಯ ಪ್ರತಿಗಳನ್ನು ಇಟ್ಟುಕೊಂಡು ಕಾವ್ಯವನ್ನು ಪರಿಷ್ಕರಿಸುವ ಸಂಪಾದಕರು ಲಿಪಿಕಾರನ ತಪ್ಪನ್ನೂ ಅಳಿಸದೆ ಗುರುತಿಸಿಡುತ್ತಾರಲ್ಲ, ಇದೂ ಆ ಜಾತಿಯ ಕೆಲಸ. ಸುಣ್ಣದ ಪದರದಡಿ ಅಕ್ಷರ ಮುಚ್ಚಿಹೋದ ದೇವಾಲಯದ ಶಾಸನವನ್ನು ಕಂಡವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕಾರಿಗೆ ಬರೋಣ. 1968ರ ಮಾದರಿಯ ವರ್ಷದಲ್ಲಿ ಫೋರ್ಡ್ 3,17,404 ಮಸ್ಟಾಂಗ್‌ಗಳನ್ನು ಕಟ್ಟಿತು. ಚಾಸಿ ನಂಬರಿನ ಮೊದಲ ಅಂಕಿ 8 ಎಂದರೆ ಆ ವರ್ಷ. ಆರ್ ಎಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಾರ್ಖಾನೆ. 02 ಎಂದರೆ ಹಿಂಭಾಗ ಇಳಿಜಾರಾಗಿರುವ ಫಾಸ್ಟ್‌ಬ್ಯಾಕ್ ಮೈಕಟ್ಟು. ಎಸ್ ಎಂದರೆ 390 ಘನ ಇಂಚಿನ, ಅಂದರೆ 6.4 ಲೀಟರಿನ, 325 ಅಶ್ವಶಕ್ತಿಯದೆಂದು ಕಂಪನಿ ಹೇಳಿಕೊಂಡ ಎಂಜಿನ್. ವಾರ್ನರ್ ಬ್ರದರ್ಸ್ ಸ್ಟುಡಿಯೋ ಈ ಚಿತ್ರಕ್ಕಾಗಿ ಪಡೆದದ್ದು ಒಂದರ ಹಿಂದೊಂದು ನಂಬರಿನ ಎರಡು ಕಾರು, 125558 ಮತ್ತು 125559. ಎರಡೂ ಹೈಲ್ಯಾಂಡ್ ಗ್ರೀನ್ ಬಣ್ಣದವು, ನಾಲ್ಕು ಗೇರಿನವು. 558 ಹಾರಿ ಬೀಳುವ ಅಪಾಯದ ದೃಶ್ಯಗಳಿಗೆ, 559 ನಾಯಕನ ಹತ್ತಿರದ ದೃಶ್ಯಗಳಿಗೆ.

ಕಾರ್ಖಾನೆಯಿಂದ ಬಂದ ಈ ಎರಡು ಕಾರುಗಳನ್ನು ಬೇರೆ ಬಂಡಿಗಳನ್ನಾಗಿ ಮಾಡಿದವರು ಮ್ಯಾಕ್ಸ್ ಬಾಲ್ಚೌಸ್ಕಿ. ಹಾಲಿವುಡ್‌ನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಬಾಲ್ಚೌಸ್ಕಿ ಮತ್ತು ಅವರ ಪತ್ನಿ ಐನಾ, ಗುಜರಿಯ ಬಿಡಿಭಾಗಗಳನ್ನೂ ಬ್ಯೂಕ್ ಎಂಜಿನ್ನುಗಳನ್ನೂ ಕೂಡಿಸಿ ಕಟ್ಟಿದ ‘ಓಲ್ ಯಾಲರ್’ ರೇಸ್ ಕಾರುಗಳಿಂದ ದುಬಾರಿ ಯುರೋಪಿನ ಕಾರುಗಳಿಗೆ ಸೆಡ್ಡು ಹೊಡೆದವರು. ಬೆಟ್ಟದಂಥ ಬೀದಿಯಲ್ಲಿ ಹಾರಿ ನೆಲಕ್ಕೆ ಅಪ್ಪಳಿಸಿದರೆ ಮಾಮೂಲಿ ಮಸ್ಟಾಂಗ್‌ನ ಮುಂಭಾಗ ಸೀಳಿಹೋಗುತ್ತದೆ. ಷಾಕ್ ಅಬ್ಸಾರ್ಬರ್ ಕೂರುವ ತಗಡಿನ ಗೋಪುರಗಳೇ ಅದರ ದುರ್ಬಲ ಜಾಗ. ಬಾಲ್ಚೌಸ್ಕಿ ಅವಕ್ಕೆ ತಗಡು ಕೊಟ್ಟು ಬಲಪಡಿಸಿದರು, ಗಟ್ಟಿ ಸ್ಪ್ರಿಂಗ್ ಮತ್ತು ಕೋನಿ ಷಾಕ್ ಅಬ್ಸಾರ್ಬರ್ ಹಾಕಿದರು, ಎಂಜಿನ್ನಿನ ಹೆಡ್ಡುಗಳನ್ನು ಉಜ್ಜಿ ಒತ್ತಡ ಹೆಚ್ಚಿಸಿದರು. ಮುಂಭಾಗದ ಜಾಲರಿಯಿಂದ ಕುದುರೆಯ ಲಾಂಛನ ಹೋಯಿತು, ಜಿಟಿ ಅಕ್ಷರಗಳು ಹೋದವು, ಚಕ್ರಗಳು ಬದಲಾದವು, ಹೊಸ ಬಣ್ಣದ ಹೊಳಪನ್ನು ಬೇಕೆಂದೇ ತಗ್ಗಿಸಿದರು. 559ರ ಬಾಗಿಲುಗಳ ಕೆಳಗೆ ಕ್ಯಾಮೆರಾ ಕಟ್ಟಲು ಕೊಂಡಿಗಳನ್ನು ವೆಲ್ಡ್ ಮಾಡಿದರು. ಜೀರ್ಣೋದ್ಧಾರದ ಪ್ರಶ್ನೆಯ ಗಂಟು ಇರುವುದು ಇಲ್ಲೇ. ಈ ಕಾರಿಗೆ ಹೆಸರು ತಂದದ್ದು ಸ್ಯಾನ್ ಹೋಸೆಯ ಕಾರ್ಖಾನೆಯಲ್ಲ; ಅಲ್ಲಿ ಹಾಕಿದ್ದನ್ನು ಕಿತ್ತು, ಕತ್ತರಿಸಿ, ಬೆಸೆದ ಒಬ್ಬ ಮೆಕ್ಯಾನಿಕ್ಕನ ಕೈ.

ಚಿತ್ರ ಮುಗಿದ ಮೇಲೆ ಜಖಂ ಆಗಿದ್ದ 558 ಗುಜರಿಗೆ ಹೋಯಿತೆಂದು ಎಲ್ಲರೂ ನಂಬಿದರು. 559 ಮೊದಲು ಸ್ಟುಡಿಯೋದ ಉದ್ಯೋಗಿಯೊಬ್ಬರಿಗೆ, 1970ರಲ್ಲಿ ನ್ಯೂಜೆರ್ಸಿಯ ಪೊಲೀಸ್ ಪತ್ತೇದಾರರೊಬ್ಬರಿಗೆ ಮಾರಾಟವಾಯಿತು. 1974ರಲ್ಲಿ ಕಾರು ಪತ್ರಿಕೆಯೊಂದರಲ್ಲಿ ಬಂದ ಜಾಹೀರಾತು ನೋಡಿ ರಾಬರ್ಟ್ ಕೀರ್ನನ್ ಅದನ್ನು ಕೆಲವೇ ಸಾವಿರ ಡಾಲರಿಗೆ ಕೊಂಡರು. ಮುಂದಿನ ವರ್ಷಗಳಲ್ಲಿ ಅದು ಮನೆಯ ನಿತ್ಯದ ಬಂಡಿ. ಶಾಲಾ ಶಿಕ್ಷಕಿಯಾಗಿದ್ದ ಅವರ ಪತ್ನಿ ಅದರಲ್ಲೇ ಪಾಠ ಹೇಳಲು ಹೋಗಿಬರುತ್ತಿದ್ದರು. 1977ರ ಡಿಸೆಂಬರ್ 14ರ ತಾರೀಕಿನ ಪತ್ರದಲ್ಲಿ ಮೆಕ್ವೀನ್ ಸ್ವತಃ ಆ ಕಾರನ್ನು ಮರಳಿ ಕೇಳಿದರು, ಅಂಥದ್ದೇ ಇನ್ನೊಂದು ಮಸ್ಟಾಂಗ್ ಹುಡುಕಿ ಕೊಡಲೂ ಸಿದ್ಧರಿದ್ದರು. ಕೀರ್ನನ್ ಕೊಡಲಿಲ್ಲ. 1980ರಲ್ಲಿ ಕ್ಲಚ್ಚು ಹೋದಾಗ ಓಡೋಮೀಟರು ಸುಮಾರು 65,000 ಮೈಲಿ ತೋರಿಸುತ್ತಿತ್ತು. ಮೆಕ್ವೀನ್ ತೀರಿಕೊಂಡದ್ದೂ ಅದೇ ವರ್ಷ. ಕುಟುಂಬ ಊರು ಬದಲಿಸಿದಂತೆಲ್ಲ ಕಾರೂ ಹಿಂದೆ ಹೋಗಿ ಕೊನೆಗೆ ಟೆನೆಸ್ಸಿಯಲ್ಲಿ ನಿಂತಿತು. ಹೊಸ ಶತಮಾನದ ಮೊದಲಲ್ಲಿ ತಂದೆ ಮಗ ಸೇರಿ ಅದನ್ನು ಸರಿಮಾಡುವ ಮನಸ್ಸು ಮಾಡಿ ಕೈ ಹಾಕಿದರು, ಆದರೆ ತಂದೆಗೆ ಪಾರ್ಕಿನ್ಸನ್ ಕಾಯಿಲೆ ಬಂದು ಕೆಲಸ ನಡುವೆ ನಿಂತಿತು. ಅಂದು ಆ ಕೆಲಸ ಮುಂದುವರಿದಿದ್ದರೆ ಮಾಸಿದ ಹಸಿರಿನ ಜಾಗದಲ್ಲಿ ಹೊಸ ಬಣ್ಣ ಬರುವ ಸಾಧ್ಯತೆಯೇ ಹೆಚ್ಚಿತ್ತೆಂದು ನನಗನ್ನಿಸುತ್ತದೆ.

ತಂದೆ ಹೋದ ಮೇಲೆ ಷಾನ್ ಸಂಪರ್ಕಿಸಿದವರಲ್ಲಿ ಅರಿಜೋನಾದ ಕೆವಿನ್ ಮಾರ್ಟಿ ಒಬ್ಬರು. ಮಾರ್ಟಿ ಈ ಕಸುಬಿನಲ್ಲಿ ವಿಶಿಷ್ಟ ಸ್ಥಾನದವರು. ಜೀರ್ಣೋದ್ಧಾರಕ್ಕೆ ಬೇಕಾದ ಮೂಲದಂತೆಯೇ ಇರುವ ಚೀಟಿ, ಫಲಕ, ಬಿಡಿಭಾಗಗಳನ್ನು ತಯಾರಿಸಿಕೊಡುವ ಅವರು, 1967ರಿಂದ ಮುಂದಿನ ಫೋರ್ಡ್ ಕಾರುಗಳ ಉತ್ಪಾದನಾ ದಾಖಲೆಗಳನ್ನು ಬಳಸುವ ಪರವಾನಗಿಯನ್ನು ಕಂಪನಿಯಿಂದಲೇ ಪಡೆದವರು. ಚಾಸಿ ನಂಬರು ಕೊಟ್ಟರೆ ಆ ಕಾರು ಯಾವ ಬಣ್ಣದಲ್ಲಿ, ಯಾವ ಎಂಜಿನ್ ಗೇರುಗಳೊಂದಿಗೆ, ಯಾವ ದಿನ ಕಟ್ಟಲ್ಪಟ್ಟಿತೆಂಬ ವರದಿ ಅವರಿಂದ ಬರುತ್ತದೆ. ಮಸ್ಟಾಂಗ್ ಕೊಳ್ಳುವವರು ಮಾರುವವರು ಇದನ್ನು ‘ಮಾರ್ಟಿ ರಿಪೋರ್ಟ್’ ಎಂದೇ ಕರೆಯುತ್ತಾರೆ. ಆದರೆ ಕಾಗದ ಹೇಳುವುದು ಕಾರ್ಖಾನೆಯ ಬಾಗಿಲಿನವರೆಗಿನ ಕಥೆಯನ್ನು ಮಾತ್ರ. ಅಲ್ಲಿಂದ ಆಚೆಗಿನದನ್ನು ತಗಡಿನಲ್ಲೇ ಓದಬೇಕು. ಚಾಸಿ ನಂಬರು ಮೂಲ ಅಚ್ಚಿನದೇ, ಬಲಪಡಿಸಿದ ಗೋಪುರಗಳು ಅಂದಿನ ವೆಲ್ಡಿಂಗಿನವೇ, ಬಾಗಿಲಡಿಯ ಕೊಂಡಿಗಳು ಚಿತ್ರದ ದೃಶ್ಯಗಳಲ್ಲಿ ಕ್ಯಾಮೆರಾ ಇದ್ದ ಕೋನಕ್ಕೆ ಹೊಂದುತ್ತವೆಯೇ, ಇಂಥವನ್ನು ಒಂದೊಂದಾಗಿ ನೋಡಿದಾಗಲೇ ಇದು ಆ ಕಾರು ಎಂಬ ಮಾತಿಗೆ ಬಲ ಬರುವುದು. ಚಿತ್ರ ಬಂದ ಮೇಲೆ ಹಸಿರು ಬಣ್ಣ ಬಳಿದ ನಕಲು ಮಸ್ಟಾಂಗ್‌ಗಳಿಗೆ ಲೆಕ್ಕವಿಲ್ಲ. ನಕಲು ಮಾಡುವವನು ಕಣ್ಣಿಗೆ ಕಾಣುವುದನ್ನು ಮಾಡುತ್ತಾನೆ. ಬಾಗಿಲಡಿಯಲ್ಲಿ ತುಕ್ಕು ಹಿಡಿದ ಒಡ್ಡೊಡ್ಡಾದ ಕೊಂಡಿ ಅವನಿಗೆ ಹೊಳೆಯುವುದೇ ಇಲ್ಲ.

ಹಾಗೆ ನೋಡಿದಾಗ ಜೀರ್ಣೋದ್ಧಾರ ಎನ್ನುವುದು ಒಂದು ತಾರೀಕನ್ನು ಆರಿಸಿಕೊಳ್ಳುವ ಕೆಲಸ. 559ನ್ನು ಯಾವ ದಿನಕ್ಕೆ ಮರಳಿಸಬೇಕಿತ್ತು? ಸ್ಯಾನ್ ಹೋಸೆಯ ಸಾಲಿನಿಂದ ಇಳಿದ ದಿನಕ್ಕೆ ಎಂದರೆ ಬಾಲ್ಚೌಸ್ಕಿ ಬೆಸೆದ ಬಲಗಳನ್ನು ಕಿತ್ತು, ಕೊಂಡಿಗಳನ್ನು ಕೊರೆದು ತೆಗೆದು, ಕುದುರೆಯ ಲಾಂಛನವನ್ನು ಮತ್ತೆ ಕೂರಿಸಬೇಕು. ಕಾರ್ಖಾನೆಗೆ ನಿಷ್ಠವಾದ ಆ ಕೆಲಸ ಕಾರಿನ ಗುರುತನ್ನೇ ಅಳಿಸುತ್ತದೆ. 1968ರ ಚಿತ್ರೀಕರಣದ ವಾರಗಳಿಗೆ ಎಂದರೆ ವಾದ ಬಲವಾದದ್ದು, ಏಕೆಂದರೆ ಜನ ನೆನಪಿಟ್ಟುಕೊಂಡದ್ದು ಆ ಕಾರನ್ನೇ. ಆದರೆ ಚಿತ್ರೀಕರಣ ನಡೆದಷ್ಟು ದಿನವೂ ಕಾರು ಒಂದೇ ಸ್ಥಿತಿಯಲ್ಲಿರಲಿಲ್ಲ. ದೃಶ್ಯದಿಂದ ದೃಶ್ಯಕ್ಕೆ ಗೀರು ಬಿದ್ದಿವೆ, ತಗ್ಗು ಬಿದ್ದಿವೆ. ಯಾವ ಗೀರಿನವರೆಗೆ ಮರಳುವುದು? ಅದೂ ಅಲ್ಲದೆ ಅಂದಿನ ಮಂಕು ಬಣ್ಣವನ್ನು ಇಂದು ಹೊಸದಾಗಿ ಹೊಡೆದು ಮಂಕು ಮಾಡಿದರೆ ಅದು ಒಳ್ಳೆಯ ಅಭಿನಯವಾದೀತೇ ಹೊರತು ಅಂದಿನ ಬಣ್ಣವಾಗದು. 1980ರ ಕೊನೆಯ ಓಟದ ದಿನವೂ ಒಂದು ತಾರೀಕೇ, ಅದು ಶಿಕ್ಷಕಿಯ ಬಂಡಿಯ ತಾರೀಕು. ಈ ಮೂರೂ ತಾರೀಕುಗಳ ಗುರುತು ಇದ್ದ ಒಂದೇ ಮೇಲ್ಮೈ ಎಂದರೆ ಆಗ ಕಾರಿನ ಮೇಲಿದ್ದ ಮಾಸಿದ ಮೈ.

ಕೈ ಹಚ್ಚಲಿಲ್ಲ ಎಂದರೆ ಏನೂ ಮಾಡಲಿಲ್ಲ ಎಂದರ್ಥವಲ್ಲ. ಬಿಚ್ಚಿಟ್ಟಿದ್ದ ಯಂತ್ರಭಾಗಗಳನ್ನು ಜೋಡಿಸಿ ಕಾರು ತನ್ನ ಬಲದಿಂದಲೇ ಓಡುವಂತೆ ಮಾಡಲಾಯಿತು. ನಿಲ್ಲಲಾಗದ, ಚಲಿಸಲಾಗದ ಕಾರನ್ನು ಹಾಗೆಯೇ ಇಡುವುದು ಸಂರಕ್ಷಣೆಯಲ್ಲ, ಅಲಕ್ಷ್ಯ. ಬ್ರೇಕಿನ ರಬ್ಬರು ಹಳೆಯದೆಂದು ಅದನ್ನೇ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಸವೆದು ಬದಲಾಗಬೇಕಾದದ್ದು ಯಾವುದು, ಸವೆದದ್ದರಿಂದಲೇ ಸಾಕ್ಷಿಯಾದದ್ದು ಯಾವುದು ಎಂಬ ವಿವೇಚನೆ ಸುಲಭದ್ದಲ್ಲ. ನೂರಾರು ಕಾರುಗಳನ್ನು ಸಂಪೂರ್ಣ ಬಿಚ್ಚಿ ಕಟ್ಟಿದ ತಲೆಮಾರು ಒಂದಿದ್ದುದರಿಂದಲೇ ಆ ಗೆರೆಯನ್ನು ಎಳೆಯುವುದು ಸಾಧ್ಯವಾಯಿತು. ಕಾರ್ಖಾನೆಯ ಬಣ್ಣ ಯಾವುದು, ಗ್ಯಾರೇಜಿನ ಬಣ್ಣ ಯಾವುದು ಎಂದು ಗೊತ್ತಿಲ್ಲದವರ ಕಣ್ಣಿಗೆ 559 ತುಕ್ಕು ಹಿಡಿದ ಹಳೆಯ ಕಾರು, ಅಷ್ಟೆ.

2018ರ ಜನವರಿ 14ರಂದು ಡೆಟ್ರಾಯಿಟ್‌ನ ಕಾರು ಪ್ರದರ್ಶನದಲ್ಲಿ ಫೋರ್ಡ್ ಕಂಪನಿ ತನ್ನ ಹೊಸ ಬುಲಿಟ್ ಮಸ್ಟಾಂಗ್ ಜೊತೆಗೆ 559ನ್ನು ವೇದಿಕೆಗೆ ತಂದಿತು. ಹೊಸದರ ಪಕ್ಕದಲ್ಲಿ ಹಳೆಯದು ತನ್ನ ಗೀರು ತುಕ್ಕುಗಳೊಡನೆಯೇ ನಿಂತಿತು, ಜನ ಮುತ್ತಿದ್ದು ಹಳೆಯದರ ಸುತ್ತ. ಆ ವರ್ಷದ ವಸಂತದಲ್ಲಿ ವಾಷಿಂಗ್ಟನ್‌ನ ನ್ಯಾಷನಲ್ ಮಾಲ್ ಬಯಲಿನಲ್ಲಿ ಗಾಜಿನ ಕೋಣೆಯೊಳಗಿಟ್ಟು ಅದನ್ನು ಪ್ರದರ್ಶಿಸಿದರು. 2020ರ ಜನವರಿ 10ರಂದು ಫ್ಲೋರಿಡಾದ ಕಿಸಿಮ್ಮಿಯಲ್ಲಿ ನಡೆದ ಮೀಕಮ್ ಹರಾಜಿನಲ್ಲಿ ಕೂಗು 34 ಲಕ್ಷ ಡಾಲರಿಗೆ ನಿಂತು, ಹರಾಜುದಾರರ ಪಾಲೂ ಸೇರಿ 37.4 ಲಕ್ಷ ಡಾಲರ್ ಆಯಿತು. ಹರಾಜಿನಲ್ಲಿ ಅಲ್ಲಿಯವರೆಗೆ ಯಾವ ಮಸ್ಟಾಂಗ್‌ಗೂ ಅಷ್ಟು ಬೆಲೆ ಬಂದಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಪ್ರಕರಣ ಒಂದು ಕಡೆಗೆ ವಾಲುತ್ತದೆ. ಆರು ತಿಂಗಳ ಬಳಿಕ, 2020ರ ಜುಲೈಯಲ್ಲಿ, ಅದೇ ಹರಾಜು ಸಂಸ್ಥೆ ಇಂಡಿಯಾನಾಪೊಲಿಸ್‌ನಲ್ಲಿ ಮಾರಿದ, ಮಸ್ಟಾಂಗ್‌ನದೇ ರೇಸ್ ರೂಪವಾದ 1965ರ ಷೆಲ್ಬಿ ಜಿಟಿ350ಆರ್ ಮಾದರಿಯ 5ಆರ್002 ಎಂಬ ಕಾರಿಗೆ 38.5 ಲಕ್ಷ ಡಾಲರ್ ಬಂದು ದಾಖಲೆ ಮುರಿಯಿತು. ಕೆನ್ ಮೈಲ್ಸ್ 1965ರ ಫೆಬ್ರವರಿ 14ರಂದು ಟೆಕ್ಸಾಸ್‌ನ ಗ್ರೀನ್ ವ್ಯಾಲಿಯಲ್ಲಿ ಓಡಿಸಿ ಗೆದ್ದ ಆ ರೇಸ್ ಕಾರು ಸಂಪೂರ್ಣ ಜೀರ್ಣೋದ್ಧಾರವಾದದ್ದು. ಅದಕ್ಕೆ ಮರಳಲು ಒಂದು ಖಚಿತವಾದ ರೂಪವಿತ್ತು, ಆ ಓಟದ ಫೋಟೋಗಳಿದ್ದವು. ಹಾಗಾಗಿ ಮಾರುಕಟ್ಟೆಯ ಅಂಕಿಗಳಿಂದ ಮುಟ್ಟಬೇಕೇ ಬಿಡಬೇಕೇ ಎಂಬುದಕ್ಕೆ ಉತ್ತರ ಹುಡುಕುವುದು ವ್ಯರ್ಥ. ಎರಡೂ ಕಾರುಗಳ ಮುಂದೆ ಕೇಳಿದ ಪ್ರಶ್ನೆ ಒಂದೇ, ಯಾವ ತಾರೀಕು ಎಂಬುದು. ಒಂದಕ್ಕೆ ಉತ್ತರ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ.

ಆ ಪ್ರಶ್ನೆಯನ್ನು ಕೇಳುವ ಅವಕಾಶವೇ ಇಲ್ಲದ ಕಾರು 558. ಗುಜರಿಯಲ್ಲಿ ಕರಗಿಹೋಯಿತೆಂದು ಎಲ್ಲರೂ ನಂಬಿದ್ದ ಅದು 2017ರಲ್ಲಿ ಬೆಳಕಿಗೆ ಬಂತು, ಸಿಕ್ಕಿದ್ದು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ. ಎಂಜಿನ್ ಇರಲಿಲ್ಲ, ಮೈಗೆ ಬಿಳಿ ಬಣ್ಣ ಬಳಿದಿತ್ತು, ತಗಡನ್ನು ತುಕ್ಕು ತಿಂದಿತ್ತು. ಬೇರೊಂದು ಚಿತ್ರದ ಮಸ್ಟಾಂಗ್‌ನ ನಕಲು ಮಾಡಲೆಂದು ಅದನ್ನು ಲಾಸ್ ಏಂಜಲೀಸ್ ಬಳಿಯ ಗ್ಯಾರೇಜಿಗೆ ಕಳಿಸಲಾಗಿತ್ತು. ಹೊಸ ತಗಡು ಬೆಸೆಯುವ ಮೊದಲು ಯಾರೋ ಚಾಸಿ ನಂಬರನ್ನು ಹುಡುಕಿ ನೋಡಿದ್ದರಿಂದ ಉಳಿಯಿತು. ಇಲ್ಲೂ ಮಾರ್ಟಿಯೇ ಬಂದು ಪರೀಕ್ಷಿಸಿದರು, ಬಲಪಡಿಸಿದ ಗೋಪುರಗಳು ಇಲ್ಲೂ ಸಾಕ್ಷಿ ಹೇಳಿದವು. ಒಂದು ದಿನ ತಡವಾಗಿದ್ದರೆ ನಕಲು ಮಾಡುವ ಭರದಲ್ಲಿ ಮೂಲವೇ ಕತ್ತರಿಗೆ ಸಿಗುತ್ತಿತ್ತೆಂಬುದು ಈ ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. ಅಂಥ ಕಾರನ್ನು ಇದ್ದ ಹಾಗೇ ಇಡುವುದು ಆಗದ ಮಾತು. ಕೊಳೆತ ತಗಡು ಹೋಗಲೇಬೇಕು, ಹೊಸ ತಗಡು ಬರಲೇಬೇಕು. ಬಾಲ್ಚೌಸ್ಕಿಯ ಕೈ ಮುಟ್ಟಿದ ಭಾಗಗಳನ್ನು ಎಷ್ಟು ಉಳಿಸಿಕೊಳ್ಳಬಲ್ಲೆ ಎಂಬುದಷ್ಟೇ ಅಲ್ಲಿ ಜೀರ್ಣೋದ್ಧಾರಕನ ಲೆಕ್ಕ.

ಈ ವಿದ್ಯೆಗೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಎರಕದ ತಾರೀಕು ಓದಲು ಕಲಿಸಿದ ಗುರುವೇ ಗೊತ್ತಿಲ್ಲದೆ ಅದನ್ನು ತಿದ್ದುವುದನ್ನೂ ಕಲಿಸಿರುತ್ತಾನೆ. ಬ್ಲಾಕಿನ ಮೇಲಿನ ನಂಬರನ್ನು ಉಜ್ಜಿ, ಕಾರಿಗೆ ಹೊಂದುವ ನಂಬರನ್ನು ಅಂದಿನ ಅಕ್ಷರದಚ್ಚಿನಲ್ಲೇ ಹೊಡೆದು, ಸಾಮಾನ್ಯ ಕಾರನ್ನು ಅಪರೂಪದ ಕಾರೆಂದು ಮಾರುವ ವಂಚನೆ ಈ ಲೋಕದ ಹಳೆಯ ರೋಗ. ಜೀರ್ಣೋದ್ಧಾರವಾಗದ ಕಾರುಗಳ ಬೆಲೆ ಏರಿದ ಮೇಲೆ ಬೇಕೆಂದೇ ಬಣ್ಣ ಸವೆಸಿ ತುಕ್ಕು ತರಿಸುವ ಕಲೆಯೂ ಹುಟ್ಟಿತು. ಒಳ್ಳೆಯ ಕೆಲಸಗಾರನು ತಾನು ಏನನ್ನು ಬದಲಿಸಿದೆ ಎಂದು ಫೋಟೋ ಸಮೇತ ಬರೆದಿಟ್ಟು ಕಾರಿನ ಜೊತೆಗೇ ಕಳಿಸುತ್ತಾನೆ. ಆ ಕಡತವಿಲ್ಲದ ಕಾರು ಎಷ್ಟೇ ಚೆಂದವಿದ್ದರೂ ನಾನು ಅದನ್ನು ಅನುಮಾನದಿಂದಲೇ ನೋಡುತ್ತೇನೆ.

559ಕ್ಕೆ ಅಂಥ ಕಡತ ದೊಡ್ಡ ಮಟ್ಟದಲ್ಲಿ ಸಿಕ್ಕಿದೆ. ಡೆಟ್ರಾಯಿಟ್‌ನಲ್ಲಿ ಅದು ಹೊರಬರುವ ಹೊತ್ತಿಗೆ ಹಿಸ್ಟಾರಿಕ್ ವೆಹಿಕಲ್ ಅಸೋಸಿಯೇಷನ್ ಎಂಬ ಸಂಸ್ಥೆ ಅದನ್ನು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ದಾಖಲೆಯಲ್ಲಿ 21ನೆಯ ಕಾರಾಗಿ ಸೇರಿಸಿತು. ಆ ದಾಖಲೆಗಾಗಿ ತಯಾರಾಗುವ ಫೋಟೋಗಳೂ ಬರಹವೂ ಲೈಬ್ರರಿ ಆಫ್ ಕಾಂಗ್ರೆಸ್ ಸಂಗ್ರಹಕ್ಕೆ ಹೋಗುತ್ತವೆ. ಹರಾಜಿನಲ್ಲಿ ಕೊಂಡವರು ಯಾರೆಂಬುದನ್ನು ಆಗ ಬಹಿರಂಗಪಡಿಸಲಿಲ್ಲ. ಮುಂದೆ ಯಾವ ಒಡೆಯನಿಗಾದರೂ ಅದಕ್ಕೆ ಹೊಸ ಹಸಿರು ಹೊಡೆಸಬೇಕೆಂದು ತೋರಿದರೆ ತಡೆಯುವ ಕಾನೂನು ಆ ದಾಖಲೆಯಲ್ಲಿ ಇಲ್ಲ. ಮಾಸಿದ ಬಣ್ಣ 2018ರಲ್ಲಿ ಎಲ್ಲೆಲ್ಲಿ ಹೇಗಿತ್ತೆಂಬ ಚಿತ್ರಗಳು ಮಾತ್ರ ವಾಷಿಂಗ್ಟನ್‌ನಲ್ಲಿ ಇರುತ್ತವೆ.